ದೇವರನ್ನು ಕೇಳಿದಿರಿ, ಹುಡುಗಿಯನ್ನು ಕೇಳಿದಿರಾ?

ಸಿಂಗಾಪುರಕ್ಕೆ ಬಂದು 19 ವರ್ಷವಾಯಿತು. ಮಗಳಿಗೆ ಈಗ 26. ಊರಿಂದ ಫೋನ್ ಬಂದರೆ ಮೊದಲ ಮಾತೇ ಅದು, ಎಲ್ಲಾದರೂ ಸಂಬಂಧ ಕೂಡಿ ಬಂತಾ? ಇಲ್ಲ ಅಂದರೆ ಆ ಕಡೆಯಿಂದ ಒಂದು ನಿಟ್ಟುಸಿರು, ಆಮೇಲೆ "ಯಾವುದಕ್ಕೂ ಒಮ್ಮೆ ಬಂದು ಪ್ರಸಾದ ಕೇಳಿಸು". ಅಂದರೆ ಚೀಟಿಯೋ ಹೂವೋ ಇಟ್ಟು ದೇವರ ಒಪ್ಪಿಗೆ ಕೇಳುವುದು. ಕೇಳಿಸುತ್ತೇನೆ. ನನಗೆ ದೇವರ ಮೇಲೆ ನಂಬಿಕೆ ಇದೆ. ಆದರೆ ನಾವು ಕೇಳುವ ರೀತಿಯ ಬಗ್ಗೆ ನನ್ನದೊಂದು ತಕರಾರಿದೆ, ತುಂಬಾ ಹಳೆಯದು.

ನಾನು ಹೊನ್ನಾವರ ಕಡೆಯವನು. ಇಡಗುಂಜಿಯಲ್ಲಿ ಗಣಪತಿಯ ಎರಡೂ ಪಾದಕ್ಕೆ ಒಂದೊಂದು ಚೀಟಿ ಇಟ್ಟು ಸಂಬಂಧದ ಬಗ್ಗೆ ಕೇಳುವ ಪದ್ಧತಿ ಇದೆ. ಬಲಪಾದದ ಚೀಟಿ ಮೊದಲು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಬೇರೆ ಕಡೆ ನೋಡಬೇಕು. ಎಷ್ಟೋ ಊರುಗಳಲ್ಲಿ ಚೀಟಿ ಬದಲು ಹೂವು. ಲೆಕ್ಕ ಅದೇ.

ಅಕ್ಕನ ಮದುವೆಗೆ ಅಪ್ಪಯ್ಯ ಕೇಳಿದ್ದು ಹೂವಿನಲ್ಲಿ. ನಾನಾಗ ಪಿಯುಸಿ, ಅಪ್ಪಯ್ಯನ ಹಿಂದೆ ನಿಂತಿದ್ದೆ. ದೇವರ ಮೈಮೇಲೆ ಒದ್ದೆ ಹೂವು ಅಂಟಿಸಿದ್ದರು. ಭಟ್ಟರು ಗಂಟೆ ಬಾರಿಸುತ್ತಲೇ ಇದ್ದರು, ಎಷ್ಟು ಹೊತ್ತಾಯಿತೋ, ಬಲಭುಜದಿಂದ ಒಂದು ಕೇಪಳದ ಹೂವು ಮೆಲ್ಲಗೆ ಜಾರಿ ಪೀಠದ ಮೇಲೆ ಬಿತ್ತು. ಅಪ್ಪಯ್ಯನ ಕಣ್ಣಲ್ಲಿ ನೀರು. ಅವತ್ತಿಗೆ ಹುಡುಗನ ಬಗ್ಗೆ ವಿಚಾರಿಸುವುದೂ ನಿಂತಿತು. ದೇವರೇ ಹೇಳಿದ ಮೇಲೆ ಇನ್ಯಾರನ್ನು ಕೇಳುವುದು? ಅವನ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಯಾವ ಅಂಗಡಿಯವನನ್ನು ಕೇಳಿದ್ದರೂ ಕುಡಿತದ ವಿಷಯ ಹೇಳಿಬಿಡುತ್ತಿದ್ದ. ನಾಲ್ಕು ವರ್ಷಕ್ಕೆ ಅಕ್ಕ ಒಂದು ಟ್ರಂಕು, ಒಂದು ಮಗು ಜತೆ ತಿರುಗಿ ಬಂದಳು.

ಅಕ್ಕ ಇವತ್ತಿಗೂ ದಿನಾ ದೀಪ ಹಚ್ಚುತ್ತಾಳೆ. ಹಲಸಿನ ಸೊಳೆ ಬಿಡಿಸುತ್ತಾ ಒಮ್ಮೆ ಹೇಳಿದಳು, "ದೇವರು ಸುಳ್ಳು ಹೇಳಲಿಲ್ಲ ಮಾರಾಯ. ಈ ಸಂಬಂಧ ಆಗ್ತದಾ ಅಂತ ಅಪ್ಪಯ್ಯ ಕೇಳಿದ, ದೇವರು ಆಗ್ತದೆ ಅಂದ. ಆಯ್ತಲ್ಲ. ನಾನು ಸುಖವಾಗಿ ಇರ್ತೇನಾ ಅಂತ ಯಾರು ಕೇಳಿದ್ರು?" ಹೂವು ಬಿದ್ದ ದಿನ ಅವಳನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿರಲಿಲ್ಲ.

ಈ ಮಾತು ತಲೆಯಲ್ಲಿ ಇದ್ದಿದ್ದರಿಂದಲೋ ಏನೋ, ಇಲ್ಲಿ ಸಿಂಗಾಪುರದವರು ಹೇಗೆ ಕೇಳುತ್ತಾರೆ ಅಂತ ಗಮನಿಸುತ್ತಾ ಬಂದಿದ್ದೇನೆ. ಫಿಲಿಪ್ ಸ್ಟ್ರೀಟಿನಲ್ಲಿ, ಗಗನಚುಂಬಿ ಆಫೀಸುಗಳ ನಡುವೆ, ಯುಯೆ ಹೈ ಚಿಂಗ್ ಅನ್ನುವ ಹಳೇ ಚೀನಿ ದೇವಸ್ಥಾನ ಇದೆ. ಅಲ್ಲಿ ಯುಯೆ ಲಾವ್ ಅನ್ನುವ ಮುದುಕ ದೇವರು, ಗಂಡುಹೆಣ್ಣನ್ನು ಕೆಂಪು ದಾರದಲ್ಲಿ ಜೋಡಿಸುವವನು. ನಮ್ಮ ಬ್ರಹ್ಮಗಂಟು ನೆನಪಾಗುತ್ತೆ ಅಲ್ವಾ? ಜತೆಗೆ ಕೆಲಸ ಮಾಡುವ ಹುಡುಗಿಯೊಬ್ಬಳು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅಲ್ಲಿಗೆ ಹೋಗುವಾಗ ನಾನೂ ಹೋದೆ. ತನ್ನ ಹೆಸರು, ಹುಟ್ಟಿದ ತಾರೀಕು, ಮನೆ ವಿಳಾಸ, ಎಲ್ಲ ಅವಳೇ ಮೆಲ್ಲಗೆ ಹೇಳಿಕೊಂಡಳು. ಆಮೇಲೆ ದೊಡ್ಡ ಗೇರುಬೀಜದ ಆಕಾರದ ಎರಡು ಕೆಂಪು ಮರದ ತುಂಡು ನೆಲಕ್ಕೆ ಹಾಕಿದಳು. ಒಂದು ಬದಿ ಚಪ್ಪಟೆ, ಇನ್ನೊಂದು ಉಬ್ಬು. ಒಂದು ಚಪ್ಪಟೆ ಒಂದು ಉಬ್ಬು ಮೇಲೆ ಬಂದರೆ ಹೌದು. ಎರಡೂ ಉಬ್ಬು ಬಂದರೆ ಇಲ್ಲ. ಎರಡೂ ಚಪ್ಪಟೆ ಮೇಲೆ ಬಂದರೆ ದೇವರು ನಗುತ್ತಿದ್ದಾನೆ ಅಂತ ಅರ್ಥ, ನಿನ್ನ ಪ್ರಶ್ನೆಯೇ ಸರಿ ಇಲ್ಲ, ಯೋಚಿಸಿ ಮತ್ತೆ ಕೇಳು. ಅವತ್ತು ಅವಳಿಗೆ ಬಂದಿದ್ದು ಅದೇ. ಸುಮ್ನೆ ಮಂಡಿಯೂರಿ ಕೂತು ಐದು ನಿಮಿಷ ಯೋಚಿಸಿದಳು. ನನಗೆ ಅಪ್ಪಯ್ಯ ನೆನಪಾದರು. ನಮ್ಮ ಪೀಠದ ಮುಂದೆ ಎಡ ಬಲ ಎರಡೇ ಇತ್ತು, ನಗುವ ದೇವರು ಒಬ್ಬ ಇದ್ದಿದ್ದರೆ ಅಂತ ಅನಿಸಿತು.

ಮಲಾಯ್ ಗೆಳೆಯನೊಬ್ಬ ಮದುವೆಗೆ ಮೊದಲು ಇಸ್ತಿಖಾರಾ ನಮಾಜ್, ಅಂದರೆ ಒಂದು ನಿರ್ಧಾರಕ್ಕೆ ಮೊದಲು ದೇವರಲ್ಲಿ ದಾರಿ ಕೇಳುವ ನಮಾಜ್, ಮಾಡಿದ. ಎರಡು ರಕಅತ್ (ಸುತ್ತು) ನಮಾಜ್, ನಂತರ ಒಂದು ಪ್ರಾರ್ಥನೆ. ಅದರ ಅರ್ಥ ಕೇಳಿ ತಿಳಿದುಕೊಂಡೆ. ಇದು ನನಗೆ ಒಳ್ಳೆಯದಾದರೆ ಸುಲಭ ಮಾಡು, ಕೆಟ್ಟದಾದರೆ ಇದನ್ನು ನನ್ನಿಂದ ದೂರ ಮಾಡು, ನನ್ನನ್ನೂ ಇದರಿಂದ ದೂರ ಮಾಡು, ಒಳ್ಳೆಯದು ಎಲ್ಲಿದ್ದರೂ ಅದನ್ನೇ ಕೊಡು, ಕೊಟ್ಟದ್ದರಲ್ಲಿ ನನ್ನ ಮನಸ್ಸು ತೃಪ್ತಿಯಾಗಿರಲಿ. ಉತ್ತರವಾಗಿ ಕನಸು ಬಿತ್ತಾ ಅಂತ ಕೇಳಿದೆ. ಕನಸು ಬೀಳಲೇಬೇಕು ಅಂತಿಲ್ಲವಂತೆ. ಪ್ರಾರ್ಥನೆ ಮಾಡಿ ಸುಮ್ಮನೆ ಕೂರಲಿಲ್ಲ ಅವನು, ಹುಡುಗಿಯ ಮನೆಗೆ ಹೋದ, ಸಾಲ ಸೋಲ ಎಲ್ಲ ಬಾಯಿಬಿಟ್ಟು ಮಾತಾಡಿದ. ನನಗೆ ಇದು ತುಂಬಾ ಹಿಡಿಸಿತು. ಮದುವೆಯಾಗುವವನೇ ಕೇಳುತ್ತಾನೆ, ಕೇಳಿದ ಮೇಲೂ ಕಣ್ಣು ತೆರೆದೇ ನಡೆಯುತ್ತಾನೆ.

ನಾವು ಮಾಡುವುದು ಏನು? ಜಾತಿ, ಸಂಬಳ, ಸ್ವಂತ ಮನೆ ಎಲ್ಲ ನಾವೇ ನೋಡಿ ಮುಗಿಸುತ್ತೇವೆ. ಜಾತಕದಲ್ಲಿ 36ಕ್ಕೆ 18 ಗುಣ ಕೂಡಿದರೆ ಸಾಕು. ಕೊನೆಗೆ ದೇವರ ಹತ್ತಿರ ಹೋಗಿ ಒಂದು ಸಹಿ ಕೇಳುತ್ತೇವೆ. ಮದುವೆ ಕೆಟ್ಟರೆ ದೇವರಿಚ್ಛೆ. ನಂಬಿಕೆ ಅಂದರೆ ಇದಲ್ಲ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ನಮ್ಮ ಸೋಮಾರಿತನದ ಭಾರವನ್ನು ಆ ಒಂದು ಕೇಪಳದ ಹೂವಿನ ಮೇಲೆ ಹಾಕುವುದು ದೇವರಿಗೂ ಅವಮಾನ.

ಏಪ್ರಿಲ್‌ನಲ್ಲಿ ಊರಿಗೆ ಹೋಗುತ್ತಿದ್ದೇವೆ. ಶಿವಮೊಗ್ಗದ ಒಂದು ಸಂಬಂಧ ಬಂದಿದೆ. ಮಗಳು, ಹುಡುಗ ಎರಡು ತಿಂಗಳಿಂದ ಮಾತಾಡುತ್ತಿದ್ದಾರೆ, ನಾನೂ ಅವನ ಬೀದಿಯವರನ್ನು, ಆಫೀಸಿನವರನ್ನು ವಿಚಾರಿಸಿದ್ದೇನೆ. ಪ್ರಸಾದ ಕೇಳುವುದು ಬೇಡ ಅಂತ ಮಗಳು ಹೇಳಿಲ್ಲ. ಏನು ಕೇಳಬೇಕು ಅಂತ ಅವಳೇ ಯೋಚಿಸುತ್ತಿದ್ದಾಳೆ. ಪೀಠದ ಮುಂದೆ ನಿಲ್ಲುವವಳೂ ಅವಳೇ, ಭಟ್ಟರಿಗೆ ಫೋನ್ ಮಾಡಿ ಹೇಳಿದ್ದೇನೆ. ಅಕ್ಕ ಜತೆಗೆ ಬರುತ್ತಾಳೆ. ನಾನು ಹೊರಗೆ ಜಗಲಿಯಲ್ಲಿ ಕೂತಿರುತ್ತೇನೆ.