ಹುಟ್ಟದ ಕಳೆಗೆ ಮದ್ದು

ಫೆಬ್ರವರಿ ಕೊನೆ. ಅಮೆರಿಕದ ಟೆಕ್ಸಾಸಿನ ಡಲ್ಲಾಸ್ ಸುತ್ತಿನ ಬಡಾವಣೆಗಳಲ್ಲಿ ಮನೆ ಮುಂದಿನ ಹುಲ್ಲು ಇನ್ನೂ ಗೋಣಿತಾಟಿನ ಬಣ್ಣದಲ್ಲಿ ಮಲಗಿರುತ್ತದೆ. ಬೇಸಿಗೆ ಕಳೆಯ ಸುಳಿವೇ ಇಲ್ಲ. ಆದರೆ ಅಂಗಡಿಗಳ ಬಾಗಿಲಲ್ಲೇ ಕಳೆ ತಡೆಯುವ ಮದ್ದಿನ ಚೀಲಗಳು ರಾಶಿ ಬಿದ್ದಿರುತ್ತವೆ. ಊರಿಂದ ಹೊಸದಾಗಿ ಬಂದವರಿಗೆ ನಗು: ಹುಟ್ಟದ ಕಳೆಗೆ ಔಷಧವೇ? ಮೇ ತಿಂಗಳಲ್ಲಿ ಬಡಾವಣೆಯ ಸಂಘದಿಂದ ಅಂಗಳದ ಕಳೆಯ ಫೋಟೊ ಸಮೇತ ನೋಟಿಸು ಬಂದಾಗ ಆ ನಗು ನಿಲ್ಲುತ್ತದೆ.

ಇಷ್ಟೆಲ್ಲ ಜೋಪಾನ ಯಾವ ಹುಲ್ಲಿಗೆ? ಬರ್ಮುಡಾ ಅಂತ ಇವರು ಕರೆಯುವುದು ನಮ್ಮ ಗರಿಕೆಯನ್ನೇ, ಇಲ್ಲವೇ ಅದರ ಮಿಶ್ರತಳಿಯನ್ನು. ನಮ್ಮ ರೈತ ಬೇರುಸಹಿತ ಅಗೆದು ಬದುವಿನಾಚೆ ಎಸೆಯುವ ಹುಲ್ಲಿಗೆ ಇಲ್ಲಿ ರಾಜೋಪಚಾರ.

ಆದರೂ ಕಳೆಯ ವಿಷಯದಲ್ಲಿ ನನ್ನ ವೋಟು ಇಲ್ಲಿನವರಿಗೇ. ಇವರು ಕಳೆ ನೋಡಿ ಕೆಲಸ ಶುರು ಮಾಡುವುದಿಲ್ಲ, ಮಣ್ಣಿನ ಬಿಸಿ ನೋಡಿ ಮಾಡುತ್ತಾರೆ. ಕ್ರ್ಯಾಬ್‌ಗ್ರಾಸ್ ಎಂಬ ಬೇಸಿಗೆ ಕಳೆಯ ಬೀಜ ಮೊಳೆಯುವುದು ಎರಡಿಂಚು ಆಳದ ಮಣ್ಣು ನಾಲ್ಕೈದು ದಿನ ಬಿಡದೆ 55 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 13 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ. ಅಷ್ಟರೊಳಗೆ ಪ್ರೊಡಯಮೀನ್ ಅಥವಾ ಪೆಂಡಿಮೆಥಾಲಿನ್ ಎಂಬ ಮೊಳಕೆ ತಡೆಯುವ ಮದ್ದಿನ ಹರಳು ನೆಲಕ್ಕೆ ಬಿದ್ದಿರಬೇಕು. ಅಂಗಳ ಅಳೆದು, ಸಾವಿರ ಚದರಡಿಗೆ ಎಷ್ಟು ಅಂತ ಚೀಲದ ಮೇಲೆ ನೋಡಿ, ಆ ಲೆಕ್ಕದಲ್ಲಿ ಅರ್ಧವನ್ನು ಉದ್ದಕ್ಕೆ, ಇನ್ನರ್ಧವನ್ನು ಅಡ್ಡಕ್ಕೆ ಹಾಕಿದರೆ ಪಟ್ಟೆಪಟ್ಟೆಯಾಗಿ ಜಾಗ ಬಿಟ್ಟುಹೋಗುವುದಿಲ್ಲ. ಆಮೇಲೆ ಅರ್ಧ ಇಂಚು ನೀರು. ನೀರು ಬೀಳದಿದ್ದರೆ ಮದ್ದು ಹುಲ್ಲಿನ ಮೇಲೇ ಕೂತಿರುತ್ತದೆ. ಬಿದ್ದರೆ ಮೇಲ್ಮಣ್ಣಿಗಿಳಿದು ತೆಳ್ಳನೆ ಪದರವಾಗುತ್ತದೆ, ಮೊಳಕೆಯ ಮೊದಲ ಬೇರು ಅದರಲ್ಲೇ ಕಮರುತ್ತದೆ. ಆ ಪದರವನ್ನು ಆಮೇಲೆ ಕೆದಕಬಾರದು. ಆಗಲೇ ಎದ್ದು ನಿಂತ ಕಳೆಗೆ ಇದರಿಂದ ಏನೂ ಆಗುವುದಿಲ್ಲ. ಹೊಸ ಹುಲ್ಲಿನ ಬೀಜ ಬಿತ್ತಿದ್ದರೆ ಮಾತ್ರ ಅದೂ ಕಮರಿಹೋಗುತ್ತದೆ.

ಕಳೆಮದ್ದು, ಗೊಬ್ಬರ ಎರಡೂ ಬೆರೆಸಿದ ಚೀಲ ಅಗ್ಗವೆಂದು ತರುವವರು ಕೆಡುವುದು ಇಲ್ಲೇ. ಮದ್ದಿಗೆ ಫೆಬ್ರವರಿ ಕೊನೆ ಸರಿಯಾದ ಕಾಲ, ಗರಿಕೆಗೆ ಗೊಬ್ಬರ ಬೇಕಾಗುವುದು ಅದು ಹಸಿರಾದ ಮೇಲೆ, ಏಪ್ರಿಲ್‌ನಲ್ಲಿ. ಮಲಗಿದ ಹುಲ್ಲಿಗೆ ಹಾಕಿದ ಸಾರಜನಕವನ್ನು ಎಚ್ಚರವಿರುವ ಚಳಿಗಾಲದ ಕಳೆಗಳು ಉಣ್ಣುತ್ತವೆ.

ನೀರಿನದೂ ಹಾಗೆಯೇ. ಅಂಗಳದಲ್ಲಿ ನಾಲ್ಕೈದು ಖಾಲಿ ಡಬ್ಬಿ ಇಟ್ಟು ಅಳೆದು, ವಾರಕ್ಕೆ ಒಂದಿಂಚು, ಒಂದೋ ಎರಡೋ ಸಲಕ್ಕೆ. ಕತ್ತರಿಸುವಾಗ ಗರಿಕೆ ಒಂದರಿಂದ ಎರಡಿಂಚು; ಫೆಸ್ಕ್ಯೂ ಹುಲ್ಲಾದರೆ ಮೂರಿಂಚಿನ ಮೇಲೆ. ಒಂದೇ ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಿದರೆ ನೆಲಕ್ಕೆ ಬಿಸಿಲು ಬೀಳುತ್ತದೆ, ಬಿದ್ದಿದ್ದ ಬೀಜ ಏಳುತ್ತದೆ. ಕಳೆ ತೆನೆ ಕಟ್ಟಿದ್ದರೆ ಕತ್ತರಿಸಿದ್ದನ್ನು ಚೀಲಕ್ಕೆ ತುಂಬಬೇಕು, ಶುದ್ಧ ಜಾಗದಿಂದ ಶುರುಮಾಡಿ ಕಳೆ ಇರುವ ಮೂಲೆಯನ್ನು ಕೊನೆಗೆ ಇಟ್ಟುಕೊಳ್ಳಬೇಕು. ಯಂತ್ರದ ಹೊಟ್ಟೆಗೆ ಅಂಟಿದ ಹುಲ್ಲಿನ ಮುದ್ದೆಯಲ್ಲೇ ಪಕ್ಕದ ಮನೆಯ ಕಳೆ ನಮ್ಮಲ್ಲಿಗೆ ಬರುತ್ತದೆ.

ಈಗ ಬೆಂಗಳೂರಿಗೆ ಬನ್ನಿ. ಅಲ್ಲಿ ಕಳೆಯನ್ನು ದುಡ್ಡು ಕೊಟ್ಟು ಮನೆಗೆ ತರಿಸಿಕೊಳ್ಳುತ್ತೇವೆ. ಯಾವುದೋ ಸೈಟಿನಿಂದ ಅರ್ಧ ಲೋಡು ಕೆಂಪುಮಣ್ಣು, ಅದರ ಮೇಲೆ ಅರೆಬೆಂದ ಕೊಟ್ಟಿಗೆ ಗೊಬ್ಬರ. ದನದ ಹೊಟ್ಟೆ ಹೊಕ್ಕು ಬಂದರೂ ಎಷ್ಟೋ ಬೀಜ ಸಾಯುವುದಿಲ್ಲ. ಅದರ ಮೇಲೆ ಮೆಕ್ಸಿಕನ್ ಹುಲ್ಲಿನ ತುಂಡು ಜೋಡಿಸಿ, ಬೆಳಿಗ್ಗೆ ಸಂಜೆ ಪೈಪು ಹಿಡಿದರೆ ಬರುವುದು ಕೊನ್ನಾರಿ, ಉತ್ತರ ಕರ್ನಾಟಕದವರ ಜೇಕು. ಅದು ಹೂ ಬಿಟ್ಟ ಮೇಲೆ ಕೂಲಿಯವರನ್ನು ಕರೆಸುತ್ತೇವೆ. ಕಿತ್ತ ರಾಶಿ ಹುಲ್ಲಿನ ಅಂಚಲ್ಲೇ ಒಣಗುತ್ತದೆ, ಗಡ್ಡೆ ಮಾತ್ರ ನೆಲದೊಳಗೇ ಉಳಿದಿರುತ್ತದೆ.

ಬೆಂಗಳೂರಲ್ಲಿ ಹಿಮ ಬೀಳುವುದಿಲ್ಲ, ಸರಿ. ಕಳೆ ಏಳುವ ಕಾಲ ಹೇಳಲು ಮುಂಗಾರು ಇದೆಯಲ್ಲ? ಹುಲ್ಲು ಹಾಸುವ ಮೊದಲು ಏಪ್ರಿಲ್ ಬಿಸಿಲಲ್ಲಿ ನೆಲ ಹದಮಾಡಿ, ನೀರುಣಿಸಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ ನಾಲ್ಕರಿಂದ ಆರು ವಾರ ಬಿಟ್ಟರೆ ಮೇಲಿನ ಬೀಜ ಬಹುಪಾಲು ಬೆಂದುಹೋಗುತ್ತದೆ. ಅಷ್ಟು ಸಮಯವಿಲ್ಲದಿದ್ದರೆ ಬರೀ ಮಣ್ಣಿಗೆ ಎರಡು ವಾರ ನೀರು ಹಾಕಿ, ಹುಟ್ಟಿದ್ದನ್ನೆಲ್ಲ ತೆಳ್ಳಗೆ ಕೆರೆದು, ಆಳ ಅಗೆಯದೆ ಹುಲ್ಲು ಹಾಸಿ. ಗೃಹಪ್ರವೇಶದ ತಾರೀಖು ಹತ್ತಿರವಾದರೆ ಇದಕ್ಕೆಲ್ಲ ಯಾರಿಗೂ ಪುರುಸೊತ್ತಿಲ್ಲ, ಬಿಡಿ.

ಇಲ್ಲಿಯ ಮದ್ದು ಸೋಲುವುದೂ ಆ ಕೊನ್ನಾರಿಯ ಮುಂದೆಯೇ, ಇದನ್ನು ಹೇಳದೆ ವಿಧಿಯಿಲ್ಲ. ಟೆಕ್ಸಾಸಿನಲ್ಲೂ ಅದಿದೆ. ದಂಟನ್ನು ಬೆರಳಲ್ಲಿ ಹೊರಳಿಸಿದರೆ ಮೂರು ಏಣು ಕೈಗೆ ಸಿಗುತ್ತವೆ. ಅದು ಏಳುವುದು ಗಡ್ಡೆಯಿಂದ, ಬೀಜ ತಡೆಯುವ ಪದರವನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಹ್ಯಾಲೊಸಲ್ಫ್ಯುರಾನ್ ಎಂಬ ಕಳೆನಾಶಕ ಸಿಂಪಡಿಸಿ, ಎರಡು ದಿನ ಹುಲ್ಲು ಕತ್ತರಿಸದೆ ಬಿಟ್ಟು, ಆರೆಂಟು ವಾರದ ಮೇಲೆ ಎದ್ದಿದ್ದಕ್ಕೆ ಮತ್ತೆ ಸಿಂಪಡಿಸಬೇಕು. ಅದೇ ಕೆಲಸವನ್ನು ನಮ್ಮ ಹೆಂಗಸರ ಕೈಯ ಕುರ್ಪಿ, ಐದಾರು ಎಲೆ ಬರುವ ಮುಂಚೆ, ಎರಡು ಮೂರು ವಾರಕ್ಕೊಮ್ಮೆ ಬಿಡದೆ ಮಾಡಿದರೆ ಗಡ್ಡೆ ಬಸವಳಿಯುತ್ತದೆ. ಮದ್ದಿನ ಪದರವಾದರೋ ಗರಿಕೆಯ ಸ್ವಂತ ಕುಡಿ ಬೇರೂರುವುದನ್ನೂ ತಡೆಯುತ್ತದೆ, ಬೋಳು ತೇಪೆ ತುಂಬಿಕೊಳ್ಳುವುದು ತಡವಾಗುತ್ತದೆ. ಕುರ್ಪಿಗೆ ಆ ದೋಷವಿಲ್ಲ.

ಚಳಿಗಾಲದ ಕಳೆಗೆ ಇನ್ನೊಂದು ಸುತ್ತು ಮದ್ದು ಬೀಳುವುದು ಸೆಪ್ಟೆಂಬರ್ ಮಧ್ಯದಲ್ಲಿ, ಹೆಚ್ಚುಕಡಿಮೆ ಚೌತಿಯ ಆಸುಪಾಸು. ಅದಕ್ಕೇ ಹಿತ್ತಲ ಬೇಲಿ ಬದಿಯ ನಾಲ್ಕಡಿ ಜಾಗಕ್ಕೆ ವರ್ಷವಿಡೀ ಮದ್ದು ಸೋಕಿಸದೆ ಬಿಡುವುದು ಒಳ್ಳೆಯದು. ಗಣಪನ ಇಪ್ಪತ್ತೊಂದು ಗರಿಕೆ ಅಲ್ಲಿಂದಲೇ ಬರಲಿ. ಅಲ್ಲಿ ಕಳೆ ಬಂದರೆ ಕೈಯಲ್ಲೇ ಕೀಳಬೇಕು, ಅಷ್ಟೆ.