ಪೋರ್ಫೈರಿಯಾ ಇದ್ದವರಿಗೆ ‘ಯಾವ ಗುಳಿಗೆಯೂ ಬೇಡ’ ಎಂಬುದು ತಪ್ಪು

ತೀವ್ರ ಪೋರ್ಫೈರಿಯಾ (ಹೀಮ್ ತಯಾರಿಕೆಯ ದೋಷದಿಂದ ಜೋರು ಹೊಟ್ಟೆನೋವಿನ ದಾಳಿ ತರುವ ಆನುವಂಶಿಕ ಕಾಯಿಲೆ) ಇದ್ದವರು ಯಾವ ಇಂಗ್ಲಿಷ್ ಔಷಧವನ್ನೂ ಮುಟ್ಟಬಾರದು, ಹೊಟ್ಟೆನೋವು ಬಂದರೆ ಉಪವಾಸವಿದ್ದು ಕಷಾಯ ಕುಡಿಯಬೇಕು ಎಂಬ ಸಂದೇಶ ವಿಜಯಪುರ, ಬಾಗಲಕೋಟೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದರಲ್ಲಿ ಉಪವಾಸದ ಸಲಹೆಯೇ ಹೆಚ್ಚು ಅಪಾಯದ್ದು. ಊಟ ತಪ್ಪಿದರೆ ಯಕೃತ್ತಿನಲ್ಲಿ ಹೀಮ್ (ರಕ್ತಕ್ಕೆ ಕೆಂಪು ಬಣ್ಣ ಕೊಡುವ, ಕಬ್ಬಿಣವಿರುವ ವಸ್ತು) ತಯಾರಿಸುವ ಮೊದಲ ಕಿಣ್ವ ಚುರುಕಾಗಿ, ಎಎಲ್‌ಎ ಮತ್ತು ಪಿಬಿಜಿ ಎಂಬ ವಸ್ತುಗಳು ಶೇಖರವಾಗುತ್ತವೆ, ನೋವು ಕೆರಳುತ್ತದೆ. ಏಕಾದಶಿ, ಶ್ರಾವಣ ಸೋಮವಾರಕ್ಕೂ ಇದೇ ಮಾತು.

ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟಾಲ್, ಫೆನಿಟಾಯಿನ್, ಕಾರ್ಬಮಝೆಪೀನ್, ಟಿಬಿಗೆ ಕೊಡುವ ರಿಫಾಂಪಿಸಿನ್‌ನಂಥವು ಅದೇ ಕಿಣ್ವವನ್ನು ಕೆಣಕುತ್ತವೆ. ಸಲ್ಫಾ ಇರುವ ಆ್ಯಂಟಿಬಯೋಟಿಕ್ ಕೋ-ಟ್ರೈಮಾಕ್ಸಜೋಲ್ ಕೂಡ ಬೇಡ. ಆದರೆ ಪ್ಯಾರಸಿಟಮಾಲ್, ಮಾರ್ಫಿನ್, ಅಮಾಕ್ಸಿಸಿಲಿನ್, ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಸಾಮಾನ್ಯವಾಗಿ ಸುರಕ್ಷಿತ. ಫಿಟ್ಸ್ ಬಂದಾಗ ರೂಢಿಯಂತೆ ಫೆನಿಟಾಯಿನ್ ಏರಿಸಿಬಿಡುತ್ತಾರೆ, ಎಡವಟ್ಟಾಗುವುದು ಅಲ್ಲೇ. ಬದಲಿಗೆ ಲೆವೆಟಿರಾಸಿಟಂ ಇದೆ. ಜೊತೆಗೆ ರಕ್ತದ ಸೋಡಿಯಂ ಇಳಿದಿದೆಯೇ ಎಂದು ನೋಡಲೇಬೇಕು, ಅದರಿಂದಲೂ ಫಿಟ್ಸ್ ಬರಬಹುದು. ಈಗಾಗಲೇ ಫಿಟ್ಸ್ ಅಥವಾ ಟಿಬಿ ಮಾತ್ರೆ ನುಂಗುತ್ತಿರುವವರು ಸಂದೇಶ ಓದಿ ತಾವಾಗಿಯೇ ನಿಲ್ಲಿಸಬಾರದು, ಬದಲಾವಣೆ ವೈದ್ಯರಿಂದಲೇ ಆಗಲಿ.

ನೋವು ಜೋರಾದರೆ ಆಸ್ಪತ್ರೆಯೇ ದಾರಿ. ಪಿಬಿಜಿ ಪರೀಕ್ಷೆಯ ಮೂತ್ರವನ್ನು ಬೆಳಕು ತಾಗದಂತೆ ಮುಚ್ಚಿ ಕಳಿಸಬೇಕು. ತೀವ್ರ ದಾಳಿಗೆ ಹೀಮಿನ್ (ಹೀಮ್‌ನ ಕೊರತೆ ತುಂಬಿ ಆ ಕಿಣ್ವವನ್ನು ತಗ್ಗಿಸುವ ಔಷಧ) ಅನ್ನು ಕೆಜಿ ತೂಕಕ್ಕೆ 3–4 ಮಿ.ಗ್ರಾಂನಂತೆ ದಿನಕ್ಕೊಮ್ಮೆ, ಸಾಮಾನ್ಯವಾಗಿ 4 ದಿನ, ರಕ್ತನಾಳಕ್ಕೆ ಕೊಡುತ್ತಾರೆ.