ಸಾಕ್ಷಿ ಇಲ್ಲ, ಕೇಸು ವಜಾ

2018ರ ಜನವರಿಯಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಖಾತೆಯ ರಾಜ್ಯ ಸಚಿವರಾಗಿದ್ದ ಸತ್ಯಪಾಲ್ ಸಿಂಗ್ ಡಾರ್ವಿನ್ ಮೇಲಿನ ಕೇಸು ಮುಗಿಸಿಬಿಟ್ಟರು. ಮಂಗ ಮನುಷ್ಯನಾದದ್ದನ್ನು ಕಂಡೆವು ಅಂತ ನಮ್ಮ ಹಿರಿಯರು ಎಲ್ಲೂ ಬರೆದಿಲ್ಲ, ಹೇಳಿಲ್ಲ. ಹಾಗಾಗಿ ಡಾರ್ವಿನ್ನನ ವಿಕಾಸ ಸಿದ್ಧಾಂತವೇ ತಪ್ಪು, ಪಠ್ಯ ಬದಲಾಗಬೇಕು ಎಂದರು. ಅವರು ಮುಂಬೈಗೆ ಪೊಲೀಸ್ ಕಮಿಷನರ್ ಆಗಿದ್ದವರು. ಕಣ್ಣಾರೆ ಕಂಡ ಸಾಕ್ಷಿ ಕೇಳುವುದು ಅಭ್ಯಾಸಬಲ, ಪಾಪ.

ಸರಿ, ಸಾಕ್ಷಿ ಹುಡುಕೋಣ ಅಂತ ಮಳೆಗಾಲದಲ್ಲಿ ಹಿತ್ತಲ ಹೊಂಡದ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಗೊದಮೊಟ್ಟೆಗೆ ಮೊದಲು ಹಿಂಗಾಲು ಬಂತು, ಆಮೇಲೆ ಮುಂಗಾಲು. ಬಾಲ ದಿನದಿನಕ್ಕೆ ಮೋಟಾಯಿತು. ಒಂದು ಬೆಳಗ್ಗೆ ಹೆಬ್ಬೆರಳ ಉಗುರಿನಷ್ಟು ಕಪ್ಪೆ ದಡಕ್ಕೆ ಹಾರಿ ನನ್ನನ್ನೇ ದಿಟ್ಟಿಸಿತು. ಮಹಜರು ಬರೆಯಲು ಪೆನ್ನು ತೆಗೆದೆ. ಥತ್, ಇದು ಬರೀ ಬೆಳವಣಿಗೆ! ಗೊದಮೊಟ್ಟೆಯ ಅಪ್ಪ-ಅಮ್ಮನೂ ಕಪ್ಪೆಯೇ ಅಲ್ವಾ?

ವಿಕಾಸ ಬೇಕಾದರೆ ಸೊಳ್ಳೆಯನ್ನು ಕೇಳಬೇಕು. ಡಿಡಿಟಿ ಹೊಡೆದಾಗ ಯಾವ ಸೊಳ್ಳೆಯೂ ಗರಡಿಮನೆಗೆ ಹೋಗಿ ಮೈ ಗಟ್ಟಿ ಮಾಡಿಕೊಳ್ಳಲಿಲ್ಲ. ಸಾಯುವವು ಸತ್ತವು. ವಿಷ ತಡೆಯುವ ಗುಣ ಹುಟ್ಟಿನಿಂದಲೇ ಇದ್ದ ನಾಲ್ಕಾರು ಉಳಿದವು, ಅವೇ ಮೊಟ್ಟೆಯಿಟ್ಟವು. ತಲೆಮಾರು ಉರುಳಿದ ಹಾಗೆ ಊರತುಂಬ ಅಂಥವೇ. ಬದಲಾದದ್ದು ಸೊಳ್ಳೆಯಲ್ಲ, ಸೊಳ್ಳೆಯ ಸಂತತಿ. ಮಂಗ ಬಾಲ ಉದುರಿಸಿ ಪ್ಯಾಂಟು ಹಾಕಿಕೊಂಡಿತು ಅಂತ ಡಾರ್ವಿನ್ ಕೂಡ ಹೇಳಿಲ್ಲ. ನಮಗೂ ಚಿಂಪಾಂಜಿಗೂ ಮುತ್ತಜ್ಜ ಒಬ್ಬನೇ. ಕವಲು ಒಡೆದು ಸುಮಾರು 60–70 ಲಕ್ಷ ವರ್ಷ. ಅಷ್ಟು ದಿನ ಕಾವಲಿಗೆ ಯಾವ ಪೇದೆಯನ್ನು ಡ್ಯೂಟಿಗೆ ಹಾಕುವುದು?

ಮಂತ್ರಿಗಳ ಮಾತಿಗೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ತಕರಾರು ತೆಗೆದವು. ಪಾಠ ಬಚಾವಾಯಿತು ಅಂದುಕೊಂಡೆವು. 2023ರಲ್ಲಿ ನೋಡಿದರೆ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿಯ 10ನೇ ತರಗತಿ ಪುಸ್ತಕದಲ್ಲಿ ‘ಅನುವಂಶೀಯತೆ ಮತ್ತು ವಿಕಾಸ’ ಅನ್ನುವ ಪಾಠ ಸುಮ್ನೆ ‘ಅನುವಂಶೀಯತೆ’ ಆಗಿದೆ. ಗೊದಮೊಟ್ಟೆಯ ಬಾಲವಾದರೂ ಹಂತಹಂತವಾಗಿ ಹೋಗುತ್ತದೆ. ಇಲ್ಲಿ ಒಂದೇ ಏಟು. ಮಕ್ಕಳ ಹೊರೆ ಇಳಿಸಿದೆವು ಎಂದರು. 1,800ಕ್ಕೂ ಜಾಸ್ತಿ ವಿಜ್ಞಾನಿಗಳು, ಮೇಷ್ಟ್ರುಗಳು ಸಹಿ ಹಾಕಿ ಕೇಳಿಕೊಂಡರು. ಊಹೂಂ. ಬೇಕಾದವರು 12ರಲ್ಲಿ ಬಯಾಲಜಿ ತಗೊಂಡು ಓದಿಕೊಳ್ಳಲಿ ಎಂದಾಯಿತು. (ಬೆಂಗಳೂರಲ್ಲಿ ವಿಕಾಸಕ್ಕೆ ಒಂದು ಸೌಧವೇ ಇದೆ. ಅದು ಬೇರೆ ವಿಕಾಸ ಬಿಡಿ.)

ನನ್ನ ಕಪ್ಪೆ ನಿನ್ನೆಯಿಂದ ನಾಪತ್ತೆ. ಸೊಳ್ಳೆಗಳು ಮಾತ್ರ ಸಾಕ್ಷಿ ಹೇಳಲು ಕಿವಿ ಹತ್ತಿರವೇ ಬಂದು ಕೂತಿವೆ.